ಮಗಳು ಐಸ್ ಹಾಕಿ ಆಡ್ತೀನಿ ಅಂತಿದ್ದಾಳೆ, ಕಳಿಸಬಹುದಾ?

ಪ್ರಶ್ನೆ: ನಾವು ತುಮಕೂರು ಕಡೆಯವರು. ಮೂರು ವರ್ಷದಿಂದ ಕೆನಡಾದ ಮಿಸ್ಸಿಸಾಗಾದಲ್ಲಿದ್ದೇವೆ. ಒಂಬತ್ತು ವರ್ಷದ ಮಗಳು ಐಸ್ ಹಾಕಿ ಆಡಲೇಬೇಕು ಅಂತ ಹಟ ಹಿಡಿದಿದ್ದಾಳೆ. ಊರಿಂದ ಬಂದಿರುವ ನಮ್ಮ ಅತ್ತೆ, ‘ಅದು ಗಂಡು ಹುಡುಗರ ಹೊಡೆದಾಟದ ಆಟ, ಕೈಕಾಲು ಮುರಿದುಕೊಂಡರೆ ಏನು ಗತಿ’ ಎನ್ನುತ್ತಾರೆ. ನಮ್ಮ ಯಜಮಾನರು, ‘ಹೆಣ್ಣುಮಕ್ಕಳು ಆಡೋದು ಈಗೀಗ ಶುರುವಾದ ಶೋಕಿ, ಮುಂದೆ ಅದರಲ್ಲಿ ಏನೂ ಇಲ್ಲ’ ಎನ್ನುತ್ತಾರೆ. ಹೆಂಗಸರು ಈ ಆಟವನ್ನು ಯಾವಾಗಿನಿಂದ ಆಡುತ್ತಿದ್ದಾರೆ? ಅಪಾಯ ಎಷ್ಟು? ಮುಂದೆ ದಾರಿ ಇದೆಯಾ? ನಮ್ಮ ದೇಶದಲ್ಲಿ ಯಾರಾದರೂ ಆಡುತ್ತಾರಾ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯ್ತು. ನಾನು ಹುಟ್ಟಿ ಬೆಳೆದದ್ದು ಮಡಿಕೇರಿ ಹತ್ತಿರ. ಅಲ್ಲಿ ಹಾಕಿ ಅಂದರೆ ಹುಲ್ಲಿನ ಮೈದಾನ, ಮಳೆ ನಿಂತ ಮೇಲೆ ಕೆಸರು. ಮದುವೆಯಾಗಿ ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಬಂದೆ. ಮೊದಲ ಚಳಿಗಾಲದಲ್ಲಿ ಪಕ್ಕದ ಮನೆಯ ಹುಡುಗಿ ಭುಜದ ಮೇಲೆ ಸ್ಟಿಕ್ ಹೊತ್ತುಕೊಂಡು ಹೋಗುವುದನ್ನು ನೋಡಿ ಅವಳ ಹಿಂದೆಯೇ ಐಸ್ ಅಂಗಳಕ್ಕೆ, ಅಂದರೆ ರಿಂಕ್‌ಗೆ ಹೋದೆ. ಆಮೇಲೆ ಸ್ಕೇಟಿಂಗ್ ಕಲಿತೆ. ಈಗ ಹಲವು ವರ್ಷಗಳಿಂದ ಚಿಕ್ಕ ಹುಡುಗಿಯರ ತಂಡಗಳಿಗೆ ಕೋಚ್ ಆಗಿದ್ದೇನೆ. ಹಾಗಾಗಿ ನಿಮ್ಮ ನಾಲ್ಕು ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇದೆ.

ಮೊದಲು ಯಜಮಾನರ ಮಾತಿಗೆ ಬರುತ್ತೇನೆ. ‘ಈಗೀಗ ಶುರುವಾದದ್ದು’ ಅನ್ನೋದು ಸರಿಯಲ್ಲ. ಗಂಡಸರ ಐಸ್ ಹಾಕಿಯ ದೊಡ್ಡ ಟ್ರೋಫಿ ಸ್ಟ್ಯಾನ್ಲಿ ಕಪ್ ಹೆಸರು ನೀವು ಕೇಳಿರುತ್ತೀರಿ. ಅದನ್ನು 1892ರಲ್ಲಿ ಕೊಟ್ಟವರು ಕೆನಡಾದ ಆಗಿನ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿ. ಆಟದ ಹುಚ್ಚು ಅವರ ಮಕ್ಕಳಿಗೆಲ್ಲ ಇತ್ತು. ಅವರಲ್ಲಿ ಮಗಳು ಇಸೊಬೆಲ್ ಕೂಡ ಒಬ್ಬಳು. ಒಟ್ಟಾವಾದಲ್ಲಿ ಗವರ್ನರ್ ಜನರಲ್ ಮನೆಯಾದ ರಿಡೋ ಹಾಲ್ ಅಂಗಳದಲ್ಲಿ 1890ರ ಸುಮಾರಿಗೆ ತೆಗೆದ ಒಂದು ಫೋಟೊ ಇದೆ. ಉದ್ದ ಲಂಗದ ಹೆಂಗಸರು ಐಸ್ ಮೇಲೆ ಸ್ಟಿಕ್ ಹಿಡಿದು ಆಡುತ್ತಿದ್ದಾರೆ. ನಡುವೆ ಬಿಳಿ ಉಡುಪಿನಲ್ಲಿರುವವಳು ಇಸೊಬೆಲ್. ಅಂದರೆ ಸ್ಟ್ಯಾನ್ಲಿ ಕಪ್ ಇನ್ನೂ ಇಲ್ಲದಿದ್ದಾಗಲೇ ಆ ಮನೆಯ ಮಗಳು ಐಸ್ ಮೇಲಿದ್ದಳು.

ಹಾಗಾದರೆ ಇಷ್ಟು ವರ್ಷ ಈ ಹೆಣ್ಣುಮಕ್ಕಳು ಯಾಕೆ ಕಾಣಲಿಲ್ಲ? ಇಷ್ಟು ವರ್ಷ ರಿಂಕ್‌ನಲ್ಲಿ ಕಳೆದ ಮೇಲೆ ನನಗೆ ತೋಚುವ ಉತ್ತರ ಒಂದೇ. ಆಡುವ ಆಸೆಗೆ ಯಾವತ್ತೂ ಬರ ಇರಲಿಲ್ಲ. ಸಿಗದೆ ಇದ್ದದ್ದು ಐಸ್. ಇದು ಬೀದಿಯಲ್ಲಿ ಮೂರು ಕಡ್ಡಿ ನೆಟ್ಟು ಆಡುವ ಕ್ರಿಕೆಟ್ ಅಲ್ಲ. ರಿಂಕ್ ಬೇಕು, ಅದಕ್ಕೆ ಗಂಟೆ ಲೆಕ್ಕದ ಬಾಡಿಗೆ ಕೊಡಬೇಕು, ಯಾರಿಗೆ ಯಾವ ಗಂಟೆ ಅಂತ ಇನ್ಯಾರೋ ತೀರ್ಮಾನ ಮಾಡಬೇಕು. ನಾನು ಕೋಚ್ ಆದ ಮೊದಲ ವರ್ಷ ನಮ್ಮ ಹುಡುಗಿಯರಿಗೆ ಸಿಕ್ಕ ಹೊತ್ತು ಭಾನುವಾರ ಬೆಳಗ್ಗೆ ಆರು ಗಂಟೆ. ಅದೇ ರಿಂಕ್‌ನಲ್ಲಿ ಅದೇ ವಯಸ್ಸಿನ ಹುಡುಗರಿಗೆ ಶನಿವಾರ ಸಂಜೆ ಐದು. ಕೇಳಿದರೆ, ‘ಅವರು ಮೊದಲಿನಿಂದ ಇದ್ದಾರೆ’ ಎಂಬ ಉತ್ತರ. ನಿದ್ದೆಗಣ್ಣಿನ ಏಳು ವರ್ಷದ ಮಕ್ಕಳನ್ನು ಬೆಂಚ್ ಮೇಲೆ ಕೂರಿಸಿ, ಮಂಡಿಯೂರಿ ಒಬ್ಬೊಬ್ಬರ ಸ್ಕೇಟ್ ಲೇಸ್ ಬಿಗಿಯುತ್ತಿದ್ದೆ. ಚಳಿಗೆ ಬೆರಳು ಮರಗಟ್ಟಿ ಗಂಟೇ ನಿಲ್ಲುತ್ತಿರಲಿಲ್ಲ. ಆದರೂ ಆ ಮಕ್ಕಳಲ್ಲಿ ಒಬ್ಬಳೂ ಬರುವುದನ್ನು ಬಿಡಲಿಲ್ಲ. 2009ರಲ್ಲಿ ಟೊರೊಂಟೊದಲ್ಲಿ ಹುಡುಗಿಯರ ತಂಡಗಳಿಗೆ ಒಳ್ಳೆಯ ಹೊತ್ತಿನಲ್ಲಿ ಐಸ್ ಸಿಗುತ್ತಿಲ್ಲ ಅನ್ನೋದು ನಗರಸಭೆವರೆಗೂ ಹೋಗಿ ದೊಡ್ಡ ಸುದ್ದಿಯಾಯ್ತು. ಈ ಆಟದ ಹೆಣ್ಣುಮಕ್ಕಳ ಕಥೆಯಲ್ಲಿ ಎಲ್ಲಿ ನೋಡಿದರೂ ಈ ಐಸ್ ಗಂಟೆಯ ಲೆಕ್ಕ ಬಂದೇ ಬರುತ್ತೆ.

ನೋಡಿ, ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಗಂಡಸರು ಯುದ್ಧಕ್ಕೆ ಹೋದರು. ರಿಂಕ್‌ಗಳು ಖಾಲಿಯಾದವು. ಮಾಲೀಕರಿಗೆ ಟಿಕೆಟ್ ಮಾರಾಟ ಆಗಬೇಕು. ಆಗ ಹೆಂಗಸರ ತಂಡಗಳನ್ನು ಕರೆದರು. ಮಾಂಟ್ರಿಯಲ್, ಒಟ್ಟಾವಾ, ಕಾರ್ನ್‌ವಾಲ್‌ನಲ್ಲಿ ಜನ ಕಿಕ್ಕಿರಿದು ಬಂದರು. ಒಟ್ಟಾವಾ ಅಲರ್ಟ್ಸ್ ತಂಡದ ಇವಾ ಆಲ್ಟ್ ಊರಿಗೆಲ್ಲ ಗೊತ್ತಿದ್ದ ಹೆಸರು. ಕಾರ್ನ್‌ವಾಲ್‌ನ ಆಲ್ಬರ್ಟಿನ್ ಲಪೊಂಸೆ ಎಷ್ಟು ಚೆನ್ನಾಗಿ ಆಡುತ್ತಿದ್ದಳು ಅಂದರೆ, ‘ಇವಳು ಹೆಣ್ಣಲ್ಲ, ವೇಷ ಹಾಕಿದ ಗಂಡಸು’ ಅಂತ ಎದುರಾಳಿಗಳು ತಕರಾರು ಎತ್ತಿದರು. ಯುದ್ಧ ಮುಗಿಯಿತು, ಗಂಡಸರು ಮರಳಿದರು, ಐಸ್ ಮತ್ತೆ ಅವರ ಕೈಗೆ ಹೋಯಿತು.

ಆದರೂ ಹೆಂಗಸರು ಬಿಡಲಿಲ್ಲ. ಒಂಟಾರಿಯೊ ಮಹಿಳೆಯರು 1922ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ರಿಲೇ ಓಟದಲ್ಲಿ ಚಿನ್ನ, 100 ಮೀಟರ್‌ನಲ್ಲಿ ಬೆಳ್ಳಿ ಗೆದ್ದ ಬಾಬಿ ರೋಸೆನ್‌ಫೆಲ್ಡ್ ಚಳಿಗಾಲದಲ್ಲಿ ಆಡುತ್ತಿದ್ದದ್ದು ಐಸ್ ಹಾಕಿಯೇ. ಕಿಂಗ್‌ಸ್ಟನ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಗೋಲ್‌ಕೀಪರ್ ಎಲಿಜಬೆತ್ ಗ್ರಹಾಂ 1927ರಲ್ಲಿ ಕತ್ತಿವರಸೆಯವರು ಹಾಕುವ ಬಲೆಯ ಮುಖವಾಡ ಹಾಕಿಕೊಂಡು ಗೋಲ್ ಮುಂದೆ ನಿಂತಳು. ಹಲ್ಲು ಉಳಿಸಿಕೊಳ್ಳುವುದಕ್ಕೆ ಅಂತ ಹೇಳುತ್ತಾರೆ. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಮುಖವಾಡ ಹಾಕಿದ ದಾಖಲೆಗಳಲ್ಲಿ ಅದೇ ಮೊದಲನೆಯದು. ಗಂಡಸರ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ ಜಾಕ್ ಪ್ಲಾಂಟ್ ಮುಖವಾಡ ಹಾಕಿ ಆಡಿ, ಅದು ರೂಢಿಗೆ ಬರತೊಡಗಿದ್ದು 1959ರಲ್ಲಿ. ಈಗ ನಿಮ್ಮ ಮಗಳ ಹೆಲ್ಮೆಟ್‌ಗೆ ಬರುವ ಕಬ್ಬಿಣದ ಜಾಲರಿ ನೋಡಿದಾಗ ಎಲಿಜಬೆತ್‌ಳನ್ನು ನೆನಪಿಸಿಕೊಳ್ಳಿ.

ನಿಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ಸಿಗುವ ಊರು ಕೇಂಬ್ರಿಡ್ಜ್. ಮೊದಲು ಅದರ ಒಂದು ಭಾಗದ ಹೆಸರು ಪ್ರೆಸ್ಟನ್. ಅಲ್ಲಿ ಬೇಸಿಗೆಯಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದ ಹುಡುಗಿಯರು, ಚಳಿಗಾಲದಲ್ಲಿ ಏನು ಮಾಡೋಣ ಅಂತ ಯೋಚಿಸಿ 1930ರ ಆಸುಪಾಸಿನಲ್ಲಿ ಐಸ್ ಹಾಕಿ ತಂಡ ಕಟ್ಟಿದರು. ಹೆಸರು ಪ್ರೆಸ್ಟನ್ ರಿವುಲೆಟ್ಸ್. ಆ ಇಡೀ ದಶಕ ಅವರದೇ. ಆಡಿದ ನೂರಾರು ಪಂದ್ಯಗಳಲ್ಲಿ ಸೋತಿದ್ದು ಬೆರಳೆಣಿಕೆಯಷ್ಟು ಮಾತ್ರ. ತಂಡದ ತಾರೆ ಹಿಲ್ಡಾ ರಾನ್ಸ್‌ಕೂಂಬ್ ಆಟ ನೋಡಲು ಸುತ್ತಲ ಊರಿನವರೆಲ್ಲ ಬರುತ್ತಿದ್ದರು. ಯುರೋಪ್ ಪ್ರವಾಸವೂ ಗೊತ್ತಾಗಿತ್ತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಪ್ರವಾಸ ನಿಂತಿತು, ಪೆಟ್ರೋಲ್‌ಗೆ ಪಡಿತರ ಬಂತು, ತಂಡವೂ ಚದುರಿತು. ಒಂದು ದಶಕ ಗೆದ್ದವರ ಹೆಸರು ಅವರದೇ ಪ್ರಾಂತ್ಯದ ಮಕ್ಕಳಿಗೆ ಗೊತ್ತಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟದ ವಿಷಯ.

ಯುದ್ಧದ ನಂತರದ ವರ್ಷಗಳು ಬರಗಾಲ. ಆ ಹೊತ್ತಿನದೇ ಒಂದು ಘಟನೆ ನನ್ನ ಮನಸ್ಸಿಗೆ ತೀರಾ ಹತ್ತಿರ.

1955ರಲ್ಲಿ ಟೊರೊಂಟೊದಲ್ಲಿ ಮಕ್ಕಳ ಹಾಕಿ ಲೀಗ್‌ಗೆ ಹೆಸರು ಬರೆಸಲು ಒಬ್ಬಳು ಪುಟ್ಟ ಹುಡುಗಿ ಬಂದಳು. ಹೆಸರು ಆಬಿಗೇಲ್ ಹಾಫ್‌ಮನ್. ಹುಡುಗಿಯರ ಲೀಗ್ ಅಂತ ಅಲ್ಲಿ ಇರಲೇ ಇಲ್ಲ. ಅವಳ ಕೂದಲು ಮೋಟು. ಫಾರ್ಮ್‌ನಲ್ಲಿ ‘ಆಬ್ ಹಾಫ್‌ಮನ್’ ಅಂತ ಬರೆಸಿದಳು. ಜನನ ಪತ್ರದಲ್ಲಿ ಹೆಣ್ಣು ಅಂತಲೇ ಇತ್ತು, ಮೇಜಿನ ಹಿಂದೆ ಕೂತವರು ಗಮನಿಸಲಿಲ್ಲ. ಡ್ರೆಸ್ಸಿಂಗ್ ರೂಂ ತೊಂದರೆ ಬೇಡ ಅಂತ ಮನೆಯಲ್ಲೇ ಎಲ್ಲ ಕಟ್ಟಿಕೊಂಡು ಹೊರಡುತ್ತಿದ್ದಳು. ಡಿಫೆನ್ಸ್‌ನಲ್ಲಿ ಆಡಿದಳು. ಎಷ್ಟು ಚೆನ್ನಾಗಿ ಆಡಿದಳೆಂದರೆ ಲೀಗ್‌ನ ಆಯ್ದ ಆಟಗಾರರ ತಂಡಕ್ಕೆ ಆರಿಸಿದರು. ಅದೇ ತೊಂದರೆಯಾಯ್ತು. ಆ ಟೂರ್ನಿಗೆ ಎಲ್ಲರ ಜನನ ಪತ್ರ ಮತ್ತೆ ನೋಡಬೇಕಿತ್ತು. ಈ ಸಲ ನೋಡಿದವರ ಕಣ್ಣಿಗೆ ಆ ಒಂದು ಪದ ಬಿತ್ತು.

ಪತ್ರಿಕೆಗಳೆಲ್ಲ ಬರೆದವು. ಆ ಸೀಸನ್ ಮುಗಿಸಲು ಬಿಟ್ಟರು. ಆಮೇಲೆ ಹುಡುಗರ ಲೀಗ್‌ನ ಬಾಗಿಲು ಅವಳಿಗೆ ಮುಚ್ಚಿತು. ಒಂಬತ್ತು ವರ್ಷ ಅವಳಿಗೆ, ನಿಮ್ಮ ಮಗಳಷ್ಟೇ. ಆಬಿ ಓಟಕ್ಕೆ ತಿರುಗಿದಳು. 800 ಮೀಟರ್ ಓಟಗಾರ್ತಿಯಾಗಿ ನಾಲ್ಕು ಒಲಿಂಪಿಕ್ಸ್‌ಗೆ ಹೋದಳು. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಬಾವುಟ ಹಿಡಿದು ಮುಂದೆ ನಡೆದವಳು ಅವಳೇ. 1982ರಲ್ಲಿ ಕೆನಡಾ ಮಹಿಳೆಯರ ರಾಷ್ಟ್ರೀಯ ಐಸ್ ಹಾಕಿ ಟೂರ್ನಿ ಶುರುವಾದಾಗ ಅದರ ಟ್ರೋಫಿಗೆ ಆಬಿ ಹಾಫ್‌ಮನ್ ಕಪ್ ಅಂತ ಹೆಸರಿಟ್ಟರು.

ಮೂವತ್ತು ವರ್ಷ ಕಳೆದರೂ ಬಾಗಿಲು ಪೂರ್ತಿ ತೆರೆದಿರಲಿಲ್ಲ. 1985ರಲ್ಲಿ ಟೊರೊಂಟೊದ ಹನ್ನೆರಡು ವರ್ಷದ ಜಸ್ಟಿನ್ ಬ್ಲೇನಿ ಹುಡುಗರ ತಂಡಕ್ಕೆ ಆಯ್ಕೆಯಾದಳು. ಅವಳ ಸೋದರನಿಗೆ ಜಾಸ್ತಿ ಐಸ್, ಜಾಸ್ತಿ ಪಂದ್ಯ, ಅವಳಿಗೆ ಕಡಿಮೆ. ಅದಕ್ಕೇ ಅವಳು ಹುಡುಗರ ತಂಡ ಬೇಕು ಅಂದದ್ದು. ಹಾಕಿ ಸಂಘ ಆಗಲ್ಲ ಅಂತು. ಒಂಟಾರಿಯೊದ ಮಾನವ ಹಕ್ಕು ಕಾನೂನಿನಲ್ಲೇ ಕ್ರೀಡಾ ಸಂಘಗಳಿಗೆ ವಿನಾಯಿತಿ ಇತ್ತು, ಅವು ಹೆಣ್ಣುಮಕ್ಕಳನ್ನು ಹೊರಗಿಡಬಹುದಿತ್ತು. ಕೋರ್ಟಿಂದ ಕೋರ್ಟಿಗೆ ಅಲೆದು, 1986ರಲ್ಲಿ ಒಂಟಾರಿಯೊ ಮೇಲ್ಮನವಿ ನ್ಯಾಯಾಲಯದಲ್ಲಿ ಅವಳು ಗೆದ್ದಳು. ಆ ವಿನಾಯಿತಿ ಬಿದ್ದುಹೋಯಿತು. ಆದರೂ ಅವಳು ನಿಜವಾಗಿ ಐಸ್ ಮೇಲೆ ಇಳಿದದ್ದು 1988ರ ಜನವರಿಯಲ್ಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಜಸ್ಟಿನ್ ಕೇಸನ್ನು ವಿರೋಧಿಸಿದವರಲ್ಲಿ ಒಂಟಾರಿಯೊ ಮಹಿಳಾ ಹಾಕಿ ಸಂಘವೂ ಇತ್ತು. ಒಳ್ಳೆಯ ಹುಡುಗಿಯರೆಲ್ಲ ಹುಡುಗರ ತಂಡಕ್ಕೆ ಹೋದರೆ, ಕಷ್ಟಪಟ್ಟು ಕಟ್ಟಿದ ಹುಡುಗಿಯರ ಲೀಗ್ ಸೊರಗುತ್ತೆ ಅನ್ನೋದು ಅವರ ಭಯ. ನನ್ನ ಪ್ರಕಾರ ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ಬಾಗಿಲು ತೆರೆಯಲು ಜಸ್ಟಿನ್ ಬೇಕಿತ್ತು. ಒಳಗೆ ಬಂದ ಸಾವಿರಾರು ಹುಡುಗಿಯರಿಗೆ ಮನೆ ಕಟ್ಟಲು ಆ ಸಂಘದವರು ಬೇಕಿತ್ತು. ಸಂಘವನ್ನು 1975ರಿಂದ ಬೆಳೆಸಿದ ಫ್ರಾನ್ ರೈಡರ್ 1987ರಲ್ಲಿ ಬೇರೆ ದೇಶಗಳ ತಂಡಗಳನ್ನು ಟೊರೊಂಟೊಗೆ ಕರೆಸಿ ಒಂದು ವಿಶ್ವ ಟೂರ್ನಿ ನಡೆಸಿದರು. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಮುದ್ರೆ ಅದಕ್ಕೆ ಇರಲಿಲ್ಲ. ಆದರೆ ಅದನ್ನು ನೋಡಿದ ಮೇಲೆ ಒಕ್ಕೂಟ ಸುಮ್ಮನೆ ಕೂರುವ ಹಾಗೆ ಇರಲಿಲ್ಲ. 1990ರ ಮಾರ್ಚ್‌ನಲ್ಲಿ ಒಟ್ಟಾವಾದಲ್ಲಿ ಮೊದಲ ಅಧಿಕೃತ ಮಹಿಳಾ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು.

ಆ ಟೂರ್ನಿಯಲ್ಲಿ ಕೆನಡಾದ ಹುಡುಗಿಯರಿಗೆ ಕೊಟ್ಟದ್ದು ಗುಲಾಬಿ ಬಣ್ಣದ ಜರ್ಸಿ. ಜನರ ಕಣ್ಣು ಸೆಳೆಯಲಿ ಅಂತ. ಹಲವು ಆಟಗಾರ್ತಿಯರಿಗೆ ಅದು ಇಷ್ಟವಿರಲಿಲ್ಲ, ನನಗೂ ಆ ಫೋಟೊ ನೋಡಿದಾಗ ಬೇಸರವಾಗುತ್ತೆ. ಆದರೆ ಆಟ ಶುರುವಾದ ಮೇಲೆ ಜರ್ಸಿ ಬಣ್ಣ ಯಾರಿಗೂ ನೆನಪಿರಲಿಲ್ಲ. ಫೈನಲ್‌ಗೆ ಒಂಬತ್ತು ಸಾವಿರದ ಹತ್ತಿರ ಜನ ಬಂದರು. ಕೆನಡಾ ಅಮೆರಿಕವನ್ನು 5–2ರಿಂದ ಸೋಲಿಸಿತು. ಆ ಟೂರ್ನಿಯ ಐದು ಪಂದ್ಯಗಳಲ್ಲಿ ಏಂಜೆಲಾ ಜೇಮ್ಸ್ ಎಂಬವಳು 11 ಗೋಲ್ ಹೊಡೆದಳು.

ಏಂಜೆಲಾ ಬಗ್ಗೆ ನಿಮ್ಮ ಮಗಳಿಗೆ ಹೇಳಿ. ಟೊರೊಂಟೊದ ಫ್ಲೆಮಿಂಗ್ಡನ್ ಪಾರ್ಕ್‌ನ ಕಪ್ಪು ಹುಡುಗಿ. ಬಾಡಿಗೆ ಮನೆಗಳ, ವಲಸೆ ಬಂದವರ ಬಡಾವಣೆ ಅದು. ಚಿಕ್ಕಂದಿನಲ್ಲಿ ಹುಡುಗರ ಲೀಗ್‌ನಲ್ಲಿ ಆಡಿ ಅವರನ್ನೇ ಮೀರಿಸಿದಳು. ಮರುವರ್ಷ ಹುಡುಗಿಯರಿಗೆ ಜಾಗವಿಲ್ಲ ಅಂದರು. 1998ರಲ್ಲಿ ಒಲಿಂಪಿಕ್ಸ್‌ಗೆ ಮಹಿಳಾ ಐಸ್ ಹಾಕಿ ಮೊದಲ ಬಾರಿ ಬಂದಾಗ ಅವಳನ್ನು ತಂಡದಿಂದ ಕೈಬಿಟ್ಟರು. ಆ ನೋವು ಎಂಥದ್ದು ಅಂತ ನಾವು ಊಹಿಸಬಹುದು ಅಷ್ಟೇ. ಆದರೆ 2010ರಲ್ಲಿ ಶ್ರೇಷ್ಠರನ್ನು ಗೌರವಿಸುವ ಹಾಕಿ ಹಾಲ್ ಆಫ್ ಫೇಮ್ ಮೊದಲ ಬಾರಿ ಮಹಿಳಾ ಆಟಗಾರರನ್ನು ಸೇರಿಸಿಕೊಂಡಾಗ ಆ ಇಬ್ಬರಲ್ಲಿ ಒಬ್ಬಳು ಏಂಜೆಲಾ. ಇನ್ನೊಬ್ಬಳು ಅಮೆರಿಕದ ಕ್ಯಾಮಿ ಗ್ರನಾಟೊ. ಫ್ಲೆಮಿಂಗ್ಡನ್‌ನ ರಿಂಕ್‌ಗೆ ಈಗ ಏಂಜೆಲಾ ಜೇಮ್ಸ್ ಅರೀನಾ ಅಂತಲೇ ಹೆಸರು. ಒಂದು ಶನಿವಾರ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಬಾಗಿಲ ಮೇಲಿನ ಹೆಸರು ಓದಲಿ.

1998ರ ನಾಗಾನೊ ಫೈನಲ್‌ನಲ್ಲಿ ಅಮೆರಿಕ ಕೆನಡಾವನ್ನು 3–1ರಿಂದ ಸೋಲಿಸಿತು. ಅಲ್ಲಿಂದ ಈ ಎರಡು ದೇಶಗಳ ಪೈಪೋಟಿ ನಿಂತಿಲ್ಲ. ಅದಕ್ಕೂ ಮೊದಲು, 1992ರಲ್ಲಿ ಕ್ವಿಬೆಕ್‌ನ ಮನೊನ್ ರೆಯೋಮ್ ಎಂಬ ಇಪ್ಪತ್ತು ವರ್ಷದ ಗೋಲ್‌ಕೀಪರ್ ಎನ್‌ಎಚ್‌ಎಲ್‌ನ ಟಾಂಪಾ ಬೇ ತಂಡಕ್ಕೆ ಒಂದು ಅಭ್ಯಾಸ ಪಂದ್ಯದಲ್ಲಿ ಒಂದು ಅವಧಿ ಆಡಿ, ಒಂಬತ್ತು ಹೊಡೆತಗಳಲ್ಲಿ ಏಳನ್ನು ತಡೆದಿದ್ದಳು. ಪ್ರಚಾರಕ್ಕೆ ಅಂತ ಹಲವರು ಮೂಗು ಮುರಿದರು. ನಾನು ಹಾಗೆ ನೋಡಲ್ಲ. ಪಕ್, ಅಂದರೆ ಈ ಆಟದ ರಬ್ಬರ್ ಬಿಲ್ಲೆ, ಬರುವಾಗ ಪ್ರಚಾರದ ಪಕ್, ನಿಜವಾದ ಪಕ್ ಅಂತ ಎರಡು ಇರಲ್ಲ.

ಸಸ್ಕಾಚೆವನ್ ಪ್ರಾಂತ್ಯದ ಪುಟ್ಟ ಊರು ಶಾನವನ್‌ನ ಹೇಲಿ ವಿಕನ್‌ಹೈಸರ್ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದಳು. ಫಿನ್‌ಲ್ಯಾಂಡ್‌ನಲ್ಲಿ ಗಂಡಸರ ವೃತ್ತಿಪರ ಲೀಗ್‌ನಲ್ಲಿ ಆಡಿ ಗೋಲ್ ಹೊಡೆದ ಮೊದಲ ಹೆಣ್ಣು ಅವಳು. ಆಮೇಲೆ ಓದಿ ಡಾಕ್ಟರ್ ಆದಳು. ಅವಳ ಹೆಸರು ನೆನಪಿಟ್ಟುಕೊಳ್ಳಿ, ನಮ್ಮ ದೇಶದ ಮಾತು ಬಂದಾಗ ಮತ್ತೆ ಬರುತ್ತೆ.

ಆಟ ನೋಡಿ ಅತ್ತೆಯವರ ಮನಸ್ಸು ಬದಲಾಗಬೇಕು ಅಂದರೆ ನಾನು ತೋರಿಸೋದು 2014ರ ಸೋಚಿ ಫೈನಲ್. ಅಮೆರಿಕ 2–0 ಮುಂದಿದೆ. ಮೂರೂವರೆ ನಿಮಿಷ ಇರುವಾಗ ಕೆನಡಾ ಒಂದು ಗೋಲ್ ಹೊಡೆಯುತ್ತೆ. ಕೊನೆಯಲ್ಲಿ ಗೋಲ್‌ಕೀಪರನ್ನು ಹೊರಗೆ ಕರೆದು ಹೆಚ್ಚುವರಿ ಆಟಗಾರ್ತಿಯನ್ನು ಇಳಿಸುತ್ತಾರೆ. ಗೋಲ್ ಖಾಲಿ. ಅಮೆರಿಕದ ಆಟಗಾರ್ತಿ ದೂರದಿಂದ ತಳ್ಳಿದ ಪಕ್ ನಿಧಾನಕ್ಕೆ ಜಾರುತ್ತಾ ಹೋಗುತ್ತೆ, ಹೋಗುತ್ತೆ, ಕಂಬಕ್ಕೆ ಬಡಿದು ನಿಲ್ಲುತ್ತೆ. ಇನ್ನೊಂದು ಅಂಗೈ ಅಗಲ ಒಳಗೆ ಹೋಗಿದ್ದರೆ ಪಂದ್ಯ ಅಲ್ಲೇ ಮುಗಿಯುತ್ತಿತ್ತು. 55 ಸೆಕೆಂಡ್ ಉಳಿದಿರುವಾಗ ಮರಿ-ಫಿಲಿಪ್ ಪೂಲಿನ್ ಸಮ ಮಾಡುತ್ತಾಳೆ. ಓವರ್‌ಟೈಮ್‌ನಲ್ಲಿ ಗೆಲ್ಲಿಸುವ ಗೋಲ್ ಕೂಡ ಅವಳದ್ದೇ. ನಾನು ಅದನ್ನು ಹತ್ತಾರು ಸಲ ನೋಡಿದ್ದೇನೆ. ಪಕ್ ಕಂಬಕ್ಕೆ ಬಡಿಯುವಾಗ ಈಗಲೂ ಉಸಿರು ಹಿಡಿದುಕೊಳ್ಳುತ್ತೇನೆ.

‘ಮುಂದೆ ದಾರಿ ಇದೆಯಾ’ ಅಂತ ಕೇಳಿದ್ದೀರಿ. ಹತ್ತು ವರ್ಷದ ಹಿಂದೆ ಕೇಳಿದ್ದರೆ ನಾನು ತಡವರಿಸುತ್ತಿದ್ದೆ. ವಿಶ್ವ ಚಾಂಪಿಯನ್ ಆದವರೂ ಹಗಲು ಬೇರೆ ಕೆಲಸ ಮಾಡಿ ರಾತ್ರಿ ಅಭ್ಯಾಸ ಮಾಡುತ್ತಿದ್ದ ಕಾಲ ಅದು. ಅಮೆರಿಕದ ರಾಷ್ಟ್ರೀಯ ತಂಡದವರಿಗೆ ಒಲಿಂಪಿಕ್ಸ್ ಸಿದ್ಧತೆಯ ಆರು ತಿಂಗಳು ಮಾತ್ರ ತಿಂಗಳಿಗೆ 1,000 ಡಾಲರ್ ಸಿಗುತ್ತಿತ್ತು. ಉಳಿದ ಮೂರೂವರೆ ವರ್ಷ ಹೆಚ್ಚುಕಮ್ಮಿ ಏನೂ ಇಲ್ಲ. 2017ರ ಮಾರ್ಚ್‌ನಲ್ಲಿ, ತಮ್ಮದೇ ದೇಶದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೆ ಎರಡು ವಾರ ಇರುವಾಗ, ಅವರೆಲ್ಲ ಒಟ್ಟಾಗಿ ‘ಸರಿಯಾದ ಒಪ್ಪಂದ ಆಗದೆ ನಾವು ಆಡಲ್ಲ’ ಅಂದರು. ಅಮೆರಿಕದ ಹಾಕಿ ಸಂಘದವರು ಬದಲಿ ಆಟಗಾರರನ್ನು ಹುಡುಕಿದರು. ಕಾಲೇಜಿನ ಹುಡುಗಿಯರಿಗೆ ಫೋನ್ ಹೋಯಿತು, ಹೈಸ್ಕೂಲ್ ಮಕ್ಕಳಿಗೂ ಹೋಯಿತು. ದೇಶದ ಜರ್ಸಿ ಹಾಕುವುದು ಆ ಮಕ್ಕಳ ಜೀವಮಾನದ ಕನಸು. ಆದರೂ ಒಬ್ಬರ ಹಿಂದೆ ಒಬ್ಬರು ಬರಲ್ಲ ಅಂದರು. ಟೂರ್ನಿಗೆ ಮೂರು ದಿನ ಇರುವಾಗ ಒಪ್ಪಂದ ಆಯಿತು. ಅವರು ಹೋಗಿ ಆಡಿದರು, ಫೈನಲ್‌ನಲ್ಲಿ ಓವರ್‌ಟೈಮ್‌ನಲ್ಲಿ ಹಿಲರಿ ನೈಟ್ ಗೋಲ್ ಹೊಡೆದಳು, ಚಿನ್ನ ಬಂತು. ಈ ಆಟದ ಚರಿತ್ರೆಯಲ್ಲಿ ನಾನು ಯಾವ ಗೋಲ್‌ಗಿಂತಲೂ ಎತ್ತರದಲ್ಲಿ ಇಡೋದು ಆ ಹೈಸ್ಕೂಲ್ ಹುಡುಗಿಯರು ಫೋನಲ್ಲಿ ‘ಬರಲ್ಲ’ ಅಂದ ಮಾತನ್ನು.

ಲೀಗ್‌ಗಳು ಹುಟ್ಟಿದವು, ಮುಚ್ಚಿದವು. ಕೆನಡಾದ ಮಹಿಳಾ ಲೀಗ್ 2007ರಲ್ಲಿ ಶುರುವಾಗಿ 2019ರಲ್ಲಿ ನಿಂತುಹೋಯಿತು. ಈಗ ಇರುವುದು ಹೆಂಗಸರ ವೃತ್ತಿಪರ ಲೀಗ್ ಪಿಡಬ್ಲ್ಯೂಎಚ್‌ಎಲ್. 2024ರ ಜನವರಿ 1ರಂದು ಟೊರೊಂಟೊದಲ್ಲಿ ಮೊದಲ ಪಂದ್ಯ ನಡೆಯಿತು. ಆಟಗಾರ್ತಿಯರ ಸಂಘದ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡೇ ಲೀಗ್ ಶುರು ಮಾಡಿದರು. ಆಗ ಗೊತ್ತುಮಾಡಿದ ಕನಿಷ್ಠ ಸಂಬಳ ವರ್ಷಕ್ಕೆ 35,000 ಅಮೆರಿಕನ್ ಡಾಲರ್, ಪ್ರತಿ ತಂಡದಲ್ಲಿ ಆರು ಜನರಿಗಾದರೂ 80,000ಕ್ಕೆ ಕಡಿಮೆ ಇಲ್ಲದಂತೆ. ಅದೇ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ 21,105 ಜನ ಕೂತು ಮಾಂಟ್ರಿಯಲ್–ಟೊರೊಂಟೊ ಪಂದ್ಯ ನೋಡಿದರು. ಆರು ತಂಡಗಳಿಂದ ಶುರುವಾದ ಲೀಗ್‌ಗೆ ಆಮೇಲೆ ವ್ಯಾಂಕೂವರ್, ಸಿಯಾಟಲ್ ಸೇರಿದವು. ತಂಡದ ಹೊರಗೂ ಕೆಲಸ ಇದೆ: 2024ರಲ್ಲಿ ಜೆಸಿಕಾ ಕ್ಯಾಂಪ್‌ಬೆಲ್ ಎನ್‌ಎಚ್‌ಎಲ್ ತಂಡವೊಂದರ ಪೂರ್ಣಾವಧಿ ಸಹಾಯಕ ಕೋಚ್ ಆದ ಮೊದಲ ಹೆಣ್ಣು. ಅಮೆರಿಕದ ಕಾಲೇಜುಗಳಲ್ಲಿ ಆಟದ ಮೇಲೆ ಸ್ಕಾಲರ್‌ಶಿಪ್ ಸಿಗುತ್ತೆ. ಆದರೆ ಒಂಬತ್ತು ವರ್ಷಕ್ಕೇ ಸ್ಕಾಲರ್‌ಶಿಪ್ ಲೆಕ್ಕ ಹಾಕಬೇಡಿ, ದಯವಿಟ್ಟು. 1990ರ ಸುಮಾರಿಗೆ ಕೆನಡಾದಲ್ಲಿ ನೋಂದಾಯಿಸಿದ ಹೆಣ್ಣುಮಕ್ಕಳು ಎಂಟು ಸಾವಿರದಷ್ಟಿದ್ದರು. ಈಗ ಲಕ್ಷ ದಾಟಿದ್ದಾರೆ. ಅವರಲ್ಲಿ ಬಹುಪಾಲು ಆಡೋದು ಗೆಳತಿಯರ ಜೊತೆ, ಖುಷಿಗೆ.

ಇನ್ನು ಅಪಾಯ. ಟಿವಿಯಲ್ಲಿ ಗಂಡಸರು ಒಬ್ಬರನ್ನೊಬ್ಬರು ಗೋಡೆಗೆ ಅಪ್ಪಳಿಸುವುದನ್ನು ಅತ್ತೆಯವರು ನೋಡಿರುತ್ತಾರೆ. ಅದಕ್ಕೆ ಬಾಡಿ ಚೆಕಿಂಗ್ ಅನ್ನುತ್ತಾರೆ. ಹುಡುಗಿಯರ ಮೈನರ್ ಹಾಕಿಯಲ್ಲಿ, ಅಂದರೆ ಮಕ್ಕಳ ಹಂತದ ಆಟದಲ್ಲಿ, ಅದು ಯಾವ ವಯಸ್ಸಿಗೂ ಇಲ್ಲ, ಮಾಡಿದರೆ ಪೆನಾಲ್ಟಿ. ಜಾಲರಿಯಿರುವ ಹೆಲ್ಮೆಟ್, ಕುತ್ತಿಗೆ ಪಟ್ಟಿ ಕಡ್ಡಾಯ. ಆದರೆ ಬೀಳುವುದು, ಡಿಕ್ಕಿ ಹೊಡೆಯುವುದು ಇದ್ದೇ ಇರುತ್ತೆ. ತಲೆಗೆ ಪೆಟ್ಟು ಹುಡುಗಿಯರಿಗೂ ಆಗುತ್ತೆ, ನಾನು ಮುಚ್ಚಿಡಲ್ಲ. ಒಂಟಾರಿಯೊದಲ್ಲಿ 2018ರಲ್ಲಿ ರೋವನ್ಸ್ ಲಾ ಎಂಬ ಕಾನೂನು ಬಂತು. ರಗ್ಬಿ ಆಡುವಾಗ ತಲೆಗೆ ಮತ್ತೆ ಮತ್ತೆ ಪೆಟ್ಟಾಗಿ ತೀರಿಕೊಂಡ ರೋವನ್ ಸ್ಟ್ರಿಂಗರ್ ಎಂಬ ಹದಿನೇಳರ ಹುಡುಗಿಯ ಹೆಸರು ಅದು. ತಲೆಗೆ ಪೆಟ್ಟಾಗಿರಬಹುದು ಅನ್ನೋ ಅನುಮಾನ ಬಂದರೂ ಮಗುವನ್ನು ತಕ್ಷಣ ಆಟದಿಂದ ತೆಗೆಯಬೇಕು, ವೈದ್ಯರು ಹೇಳದೆ ಮತ್ತೆ ಆಡಿಸುವಂತಿಲ್ಲ. ಹೆಸರು ನೋಂದಾಯಿಸುವಾಗ ಆ ಮಾಹಿತಿ ಓದಿ ಒಪ್ಪಿಗೆ ಕೊಡಬೇಕು. ಸುಮ್ನೆ ಟಿಕ್ ಹಾಕಬೇಡಿ, ಕೂತು ಓದಿ. ಮಗಳಿಗೂ ಹೇಳಿ: ತಲೆ ನೋವು, ಮಂಪರು, ವಾಕರಿಕೆ ಬಂದರೆ ಮುಚ್ಚಿಡಬಾರದು.

ನಮ್ಮ ದೇಶದ ವಿಷಯ ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಅದನ್ನು ಹೇಳುವಾಗ ನನ್ನ ಗಂಟಲು ತುಂಬಿಬರುತ್ತೆ. ಭಾರತಕ್ಕೆ ಮಹಿಳಾ ಐಸ್ ಹಾಕಿ ತಂಡ ಇದೆ. ಹೆಚ್ಚಿನವರು ಲಡಾಖ್‌ನವರು. ಅಲ್ಲಿ ಸೈನಿಕರು ಬೂಟಿಗೆ ಬ್ಲೇಡ್ ಕಟ್ಟಿ ಶುರು ಮಾಡಿದ ಆಟ ಇದು. ಲೇಹ್‌ನ ಕರ್ಜು ಕೊಳ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತೆ, ಅದೇ ರಿಂಕ್. ಸೀಸನ್ ಅಂದರೆ ಸುಮಾರು ಎರಡು ತಿಂಗಳು. ಐಸ್ ಒಡೆದ ಕಡೆ ರಾತ್ರಿ ಹೊತ್ತು ನೀರು ಹಾಕಬೇಕು, ಬೆಳಗಾಗುವಷ್ಟರಲ್ಲಿ ಅದು ಕಲ್ಲಾಗಿರುತ್ತೆ. ಆ ಎರಡು ತಿಂಗಳಲ್ಲೂ ಮೊದಲ ಪಾಳಿ ಹುಡುಗರದ್ದು. ಹುಡುಗಿಯರು ಕಾಯಬೇಕಿತ್ತು. ಮಿಸ್ಸಿಸಾಗಾ ಆಗಲಿ ಲೇಹ್ ಆಗಲಿ, ಐಸ್ ಗಂಟೆಯ ಲೆಕ್ಕ ಒಂದೇ, ನೋಡಿ. ಆ ಹುಡುಗಿಯರು ತಮ್ಮದೇ ಸಂಸ್ಥೆ ಕಟ್ಟಿಕೊಂಡು, ತಮ್ಮದೇ ಶಿಬಿರ ನಡೆಸಿ, ಹಳ್ಳಿ ಹಳ್ಳಿಗೆ ಹೋಗಿ ಚಿಕ್ಕ ಹುಡುಗಿಯರಿಗೆ ಕಲಿಸಿದರು.

2016ರಲ್ಲಿ ಜನರಿಂದ ಚಂದಾ ಎತ್ತಿ ತೈಪೆಗೆ ಹೋಗಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿದರು. ಎಲ್ಲ ಪಂದ್ಯ ಸೋತರು. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4–3ರಿಂದ ಸೋಲಿಸಿದರು. ಅದು ಮೊದಲ ಗೆಲುವು. ಗೋಲ್‌ಕೀಪರ್ ನೂರ್ ಜಹಾನ್ ವೃತ್ತಿಯಲ್ಲಿ ಹಳೆಯ ಭಿತ್ತಿಚಿತ್ರಗಳನ್ನು ಉಳಿಸುವ ಕೆಲಸ ಮಾಡುವವರು. 2018ರ ಜನವರಿಯಲ್ಲಿ ಲೇಹ್‌ಗೆ ಬಂದವರು ಯಾರು ಗೊತ್ತಾ? ಆಗ ಹೇಳಿದೆನಲ್ಲ, ಹೇಲಿ ವಿಕನ್‌ಹೈಸರ್. ಸಲಕರಣೆ ಹೊತ್ತು ತಂದು ಆ ಹುಡುಗಿಯರ ಜೊತೆ ಕೊಳದ ಮೇಲೆ ಆಡಿದಳು. ಅದೇ ವರ್ಷ ನವೆಂಬರ್‌ನಲ್ಲಿ ಅವರನ್ನು ಕ್ಯಾಲ್ಗರಿಗೆ, ತನ್ನ ಹೆಸರಿನ ಹುಡುಗಿಯರ ಹಾಕಿ ಹಬ್ಬಕ್ಕೆ ಕರೆಸಿಕೊಂಡಳು. ಇಂಡೊ-ಟಿಬೆಟನ್ ಗಡಿ ಪೊಲೀಸ್ ಪಡೆ ಮಹಿಳಾ ತಂಡ ಕಟ್ಟಿದ ಮೇಲೆ ಆಟದಿಂದ ನೌಕರಿಯೂ ಸಿಗತೊಡಗಿತು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ಕಂಚು ಬಂತು, ಈ ತಂಡದ ಮೊದಲ ಪದಕ.

ನಿಮ್ಮ ಮಗಳು ಮುಂದಿನ ತಿಂಗಳೇ ಶುರು ಮಾಡಬಹುದು. ಮೊದಲು ಸ್ಕೇಟಿಂಗ್ ಕಲಿಸಿ, ನಗರಸಭೆಯ ತರಗತಿ ಸಾಕು. ಹೊಸ ಸಲಕರಣೆಗೆ ದುಡ್ಡು ಸುರಿಯಬೇಡಿ. ಮಕ್ಕಳು ಬೇಗ ಬೆಳೆಯುತ್ತಾರೆ, ಪ್ಯಾಡ್, ಪ್ಯಾಂಟ್ ಎಲ್ಲ ಬಳಸಿದ್ದೇ ಚೆನ್ನಾಗಿರೋದು ಸಿಗುತ್ತೆ. ಹೆಲ್ಮೆಟ್ ಮಾತ್ರ ಹೊಸದೇ ತೆಗೆದುಕೊಳ್ಳಿ. ಸ್ಕೇಟ್ಸ್ ದೊಡ್ಡದಿರಲಿ, ಮುಂದಿನ ವರ್ಷಕ್ಕೂ ಆಗುತ್ತೆ ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯಲ್ಲ, ಪಾದ ಒಳಗೆ ಅಲ್ಲಾಡಿದರೆ ಮಗು ನಿಲ್ಲೋದೇ ಕಷ್ಟ. ಇದುವರೆಗೆ ಹಾಕಿ ಆಡದ ಆರರಿಂದ ಹತ್ತು ವರ್ಷದ ಮಕ್ಕಳಿಗೆ ‘ಫಸ್ಟ್ ಶಿಫ್ಟ್’ ಎಂಬ ಕಾರ್ಯಕ್ರಮ ಇದೆ, ಒಂದೇ ಶುಲ್ಕದಲ್ಲಿ ಸಲಕರಣೆ ಸಮೇತ ಕಲಿಸುತ್ತಾರೆ. ಹತ್ತಿರದ ರಿಂಕ್‌ನಲ್ಲಿ ಇದೆಯಾ ವಿಚಾರಿಸಿ. ಆಮೇಲೆ ಊರಿನ ತಂಡಗಳೇ ತಮ್ಮತಮ್ಮಲ್ಲಿ ಆಡುವ ಹುಡುಗಿಯರ ಹೌಸ್ ಲೀಗ್‌ಗೆ ಸೇರಿಸಿ. ಹುಡುಗರ ಜೊತೆ ಆಡಬೇಕು ಅಂತ ಅವಳೇ ಮುಂದೆ ಕೇಳಿದರೆ ಆಗ ನೋಡೋಣ, ಆ ಬಾಗಿಲು ತೆರೆದೇ ಇದೆ. ಹೆಸರು ಬರೆಸುವ ಮೊದಲು ಒಂದು ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ಗಂಟೆ ಐಸ್, ಯಾವ ಹೊತ್ತು?

ಮೊದಲ ದಿನ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ರಿಂಕ್ ಒಳಗೆ ಯಾವಾಗಲೂ ಚಳಿ, ಮೆಟ್ಟಿಲ ಬೆಂಚು ಕೊರೆಯುತ್ತೆ. ಅವರಿಗೆ ಒಂದು ದಪ್ಪ ಶಾಲು, ಕೂರಲು ಮಡಿಚಿದ ಕಂಬಳಿ, ಫ್ಲಾಸ್ಕ್ ತುಂಬ ಬಿಸಿ ಕಾಫಿ ಇಟ್ಟುಕೊಳ್ಳಿ. ಮಗಳಿಗೆ ಬಿದ್ದರೆ ಏಳೋದು ಹೇಗೆ ಅಂತ ಮನೆಯಲ್ಲೇ ಕಾರ್ಪೆಟ್ ಮೇಲೆ ನಾಲ್ಕು ಸಲ ಅಭ್ಯಾಸ ಮಾಡಿಸಿ: ಮೊದಲು ಎರಡು ಮಂಡಿ, ಆಮೇಲೆ ಒಂದು ಪಾದ, ಆ ಮಂಡಿಯ ಮೇಲೆ ಎರಡೂ ಕೈ, ಒತ್ತಿ ಮೇಲಕ್ಕೆ.